ಸ್ಟಾರ್‌ಡ್ಯೂ ವ್ಯಾಲಿ: ಮಾಡ್ ಹಾಕಿದ ಮೇಲೆ ಕ್ಯಾಲೆಂಡರ್ ಯಾಕೆ ಕೆಡುತ್ತದೆ, ಎಲ್ಲಿ ಹುಡುಕಬೇಕು

ಸ್ಟಾರ್‌ಡ್ಯೂ ವ್ಯಾಲಿ ಎಂಬ ತೋಟ ಬೆಳೆಸುವ ಕಂಪ್ಯೂಟರ್ ಆಟದಲ್ಲಿ ಪಿಯೆರ್ ಅಂಗಡಿಯ ಹೊರಗೋಡೆಗೆ ಒಂದು ಕ್ಯಾಲೆಂಡರ್ ಇದೆ. ಮಾಡ್, ಅಂದರೆ ಆಟವನ್ನು ಬದಲಿಸಲು ಆಟಗಾರರೇ ಬರೆದ ಸೇರ್ಪಡೆ, ಇಲ್ಲದೆ ಆಡುವವರಿಗೆ ಅದರಿಂದ ತೊಂದರೆ ಆಗುವುದು ಬಹಳ ಅಪರೂಪ. ಮಾಡ್‌ಗಳು ಜಾಸ್ತಿ ಆದಂತೆ ಅದು ಒಂದಲ್ಲ ಒಂದು ರೀತಿ ಕೈಕೊಡುತ್ತದೆ. ಮಾಡ್‌ನಿಂದ ಹೊಸದಾಗಿ ಊರಿಗೆ ಬಂದವರ ಹುಟ್ಟುಹಬ್ಬ ಕಾಣಿಸುವುದಿಲ್ಲ. ಹಬ್ಬದ ಬಾವುಟ ಇರುತ್ತದೆ, ಊರೊಳಗೆ ಹೋದರೆ ಹಬ್ಬವೇ ಇರುವುದಿಲ್ಲ. ಹುಟ್ಟುಹಬ್ಬದವರ ಮುಖಗಳು ದಿನದ ಚೌಕದ ಗೆರೆ ದಾಟಿ ಪಕ್ಕಕ್ಕೆ ಸರಿದಿರುತ್ತವೆ. ಇಲ್ಲವೇ ಮಲಗಿ ಎದ್ದರೂ ತಾರೀಖು ನಿನ್ನೆಯದೇ ಇರುತ್ತದೆ.

ಇದರಿಂದ ಆಟದಲ್ಲಿ ಆಗುವ ನಷ್ಟ ಸಣ್ಣದಲ್ಲ. ಊರಿನವರಿಗೆ ಅವರ ತುಂಬಾ ಇಷ್ಟದ ವಸ್ತುವನ್ನು ಬೇರೆ ದಿನ ಕೊಟ್ಟರೆ ಸ್ನೇಹದ 80 ಅಂಕ ಬರುತ್ತದೆ. ಅದನ್ನೇ ಹುಟ್ಟುಹಬ್ಬದ ದಿನ ಕೊಟ್ಟರೆ ಎಂಟು ಪಟ್ಟು, ಅಂದರೆ 640. ಸ್ನೇಹವನ್ನು ಅಳೆಯುವ ಒಂದು ಹೃದಯಕ್ಕೆ ಬೇಕಾಗಿರುವುದು 250 ಅಂಕ. ಒಂದೇ ಉಡುಗೊರೆಯಲ್ಲಿ ಎರಡೂವರೆ ಹೃದಯ ಸಿಗುವ ದಿನ ಅದು. ಕ್ಯಾಲೆಂಡರ್ ಆ ದಿನವನ್ನು ತೋರಿಸದೇ ಹೋದರೆ ಮತ್ತೆ 112 ದಿನ ಕಾಯಬೇಕು.

ಸರಿ ಮಾಡಲು ಹೊರಡುವವರು ಮೊದಲು ಒಂದು ವಿಷಯ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಈ ಕ್ಯಾಲೆಂಡರ್ ತನ್ನೊಳಗೆ ಏನನ್ನೂ ಇಟ್ಟುಕೊಂಡಿಲ್ಲ. ನೀವು ಅದರ ಮೇಲೆ ಕ್ಲಿಕ್ ಮಾಡಿದಾಗಲೆಲ್ಲ ಆಟ ಅದನ್ನು ಹೊಸದಾಗಿ ಬಿಡಿಸುತ್ತದೆ. ಬಿಡಿಸಲು ಬೇಕಾದ ವಿವರವನ್ನು ಮೂರು ಕಡೆಯಿಂದ ತರುತ್ತದೆ. ಇವತ್ತು ಯಾವ ದಿನ ಎನ್ನುವುದು ನೀವು ಆಡಿದ್ದನ್ನು ಉಳಿಸಿಡುವ ಸೇವ್ ಫೈಲ್‌ನಿಂದ ಬರುತ್ತದೆ. ಯಾರ ಹುಟ್ಟುಹಬ್ಬ, ಯಾವ ಹಬ್ಬ ಎನ್ನುವುದು ಆಟದ ಡೇಟಾ ಫೈಲ್‌ಗಳಿಂದ ಬರುತ್ತದೆ. ಹಿಂದೆ ಕಾಣುವ ಹಲಗೆ ಮತ್ತು ಚೌಕಗಳು ಒಂದು ಚಿತ್ರದ ಫೈಲ್‌ನಿಂದ ಬರುತ್ತವೆ. ಹಾಗಾಗಿ ಕ್ಯಾಲೆಂಡರನ್ನೇ ರಿಪೇರಿ ಮಾಡುವ ಮಾತೇ ಇಲ್ಲ. ಈ ಮೂರರಲ್ಲಿ ಯಾವುದು ತಪ್ಪು ವಿವರ ಕೊಡುತ್ತಿದೆ ಎಂದು ಕಂಡುಹಿಡಿಯಬೇಕು, ಅಷ್ಟೇ. ಬಡಗಿ ರಾಬಿನ್ ಹತ್ತಿರ 2,000 ಗೋಲ್ಡ್ ಕೊಟ್ಟು ಮನೆಗೆ ಇನ್ನೊಂದು ಕ್ಯಾಲೆಂಡರ್ ತಂದು ಹೋಲಿಸಿ ನೋಡಿದರೂ ಉಪಯೋಗವಿಲ್ಲ. ಅದೂ ಇದೇ ಮೂರು ಕಡೆಯಿಂದ ಓದುತ್ತದೆ, ಅದೇ ತಪ್ಪನ್ನು ತೋರಿಸುತ್ತದೆ.

ಕೈ ಹಾಕುವ ಮುಂಚೆ

ಸೇವ್‌ಗಳ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಅವು ಆಪ್‌ಡೇಟಾ ಫೋಲ್ಡರ್‌ನ ರೋಮಿಂಗ್ ಒಳಗೆ, ಸ್ಟಾರ್‌ಡ್ಯೂ ವ್ಯಾಲಿ ಎಂಬ ಫೋಲ್ಡರ್‌ನ ಸೇವ್ಸ್‌ನಲ್ಲಿ ಇರುತ್ತವೆ. ಆ ಸೇವ್ಸ್ ಫೋಲ್ಡರನ್ನು ಹಾಗೇ ಪೂರ್ತಿ ಕಾಪಿ ಮಾಡಿ. ಒಳಗಿನ ಫೋಲ್ಡರ್‌ಗಳ ಹೆಸರು ಬದಲಿಸಬೇಡಿ. ಫೋಲ್ಡರ್‌ನ ಹೆಸರೂ ಅದರೊಳಗಿನ ಮುಖ್ಯ ಫೈಲ್‌ನ ಹೆಸರೂ ಒಂದೇ ಆಗಿರಬೇಕು, ಇಲ್ಲದಿದ್ದರೆ ಆಟಕ್ಕೆ ಅದು ಸಿಗುವುದಿಲ್ಲ.

ಮಾಡ್ ಹಾಕಿಕೊಂಡು ಆಡುವವರ ಹತ್ತಿರ ಮಾಡ್‌ಗಳನ್ನು ಆಟಕ್ಕೆ ಲೋಡ್ ಮಾಡುವ ಸ್ಟಾರ್‌ಡ್ಯೂ ಮಾಡಿಂಗ್ ಎಪಿಐ, ಅಂದರೆ ಸ್ಮಾಪಿ, ಇದ್ದೇ ಇರುತ್ತದೆ. ಅದರ ಜೊತೆಗೇ ಬರುವ ಸೇವ್ ಬ್ಯಾಕಪ್ ಎಂಬ ಪುಟ್ಟ ಮಾಡ್ ನಿಮಗೆ ಗೊತ್ತಿಲ್ಲದಂತೆ ಕೆಲಸ ಮಾಡುತ್ತಾ ಇರುತ್ತದೆ. ಆಟದ ಫೋಲ್ಡರ್‌ನಲ್ಲಿ ಸೇವ್ ಬ್ಯಾಕಪ್ಸ್ ಎಂಬ ಫೋಲ್ಡರ್ ತೆರೆದು ನೋಡಿ. ಕೊನೆಯ 10 ಬ್ಯಾಕಪ್‌ಗಳು ಅಲ್ಲಿ ಜಿಪ್ ಆಗಿ ಕೂತಿರುತ್ತವೆ. ಎಷ್ಟೋ ಜನ ಇದು ಇರುವುದೇ ತಿಳಿಯದೆ ತೋಟವನ್ನು ಮೊದಲಿನಿಂದ ಶುರು ಮಾಡುತ್ತಾರೆ.

ತಾರೀಖು ತಪ್ಪಿದ್ದರೆ

ಈ ಆಟದ ಕಾಲಗಣನೆ ತುಂಬಾ ಸರಳ. ಒಂದು ಸೀಸನ್‌ಗೆ 28 ದಿನ. ನಾಲ್ಕು ಸೀಸನ್ ಸೇರಿದರೆ ವರ್ಷ. 28 ಏಳರಿಂದ ಸರಿಯಾಗಿ ಭಾಗವಾಗುತ್ತದೆ, ಹಾಗಾಗಿ ಪ್ರತಿ ಸೀಸನ್ ಸೋಮವಾರವೇ ಶುರುವಾಗುತ್ತದೆ. ದಿನ ಮುಂದೆ ಹೋಗುವುದು ನೀವು ಮಲಗಿದಾಗ ಅಥವಾ ರಾತ್ರಿ ಎರಡು ಗಂಟೆಗೆ ಕುಸಿದು ಬಿದ್ದಾಗ ಮಾತ್ರ. ಸೇವ್ ಆಗುವುದೂ ಆ ರಾತ್ರಿಯೇ. ಗಡಿಯಾರವನ್ನು ನಿಧಾನ ಮಾಡುವ ಅಥವಾ ನಿಲ್ಲಿಸುವ ಮಾಡ್‌ಗಳ ಮೇಲೆ ಅನುಮಾನ ಪಡುವವರು ಬಹಳ. ಆದರೆ ಆ ಮಾಡ್‌ಗಳು ಮುಟ್ಟುವುದು ಆಟದ ಹತ್ತು ನಿಮಿಷಕ್ಕೆ ನಿಜವಾದ ಏಳು ಸೆಕೆಂಡ್ ಎಂಬ ಲೆಕ್ಕವನ್ನು. ತಾರೀಖಿನ ತಂಟೆಗೆ ಅವು ಹೋಗುವುದಿಲ್ಲ.

ಹಾಗಾದರೆ ಮಲಗಿ ಎದ್ದ ಮೇಲೂ ಅದೇ ದಿನ ಯಾಕೆ? ಹೆಚ್ಚಿನ ಸಲ ರಾತ್ರಿ ಸೇವ್ ಪೂರ್ತಿ ಆಗಿರುವುದಿಲ್ಲ. ಯಾವುದೋ ಮಾಡ್ ಸೇವ್ ಆಗುವ ಹೊತ್ತಿಗೆ ಎಡವಿ, ಆಟ ಮುಚ್ಚಿಹೋಗಿ, ಮತ್ತೆ ತೆರೆದಾಗ ಹಿಂದಿನ ಬೆಳಗ್ಗೆಯೇ ಬಂದಿರುತ್ತದೆ. ಆಗ ಕ್ಯಾಲೆಂಡರ್ ಹೇಳುತ್ತಿರುವುದು ನಿಜವನ್ನೇ. ಆಟದ ಜೊತೆ ತೆರೆಯುವ ಸ್ಮಾಪಿಯ ಕಪ್ಪು ಕಿಟಕಿಯಲ್ಲಿ, ಅಂದರೆ ಕನ್ಸೋಲ್‌ನಲ್ಲಿ, ಕೊನೆಯ ಕೆಂಪು ಸಾಲುಗಳನ್ನು ಓದಿ. ಕಿಟಕಿ ಮುಚ್ಚಿಹೋಗಿದ್ದರೂ ಚಿಂತೆಯಿಲ್ಲ. ಸೇವ್ಸ್ ಫೋಲ್ಡರ್‌ನ ಪಕ್ಕದಲ್ಲೇ ಇರುವ ಎರರ್ ಲಾಗ್ಸ್ ಫೋಲ್ಡರ್‌ನಲ್ಲಿ ಅದೇ ಸಾಲುಗಳು ದಾಖಲಾದ ಸ್ಮಾಪಿ ಲೇಟೆಸ್ಟ್ ಎಂಬ ಲಾಗ್ ಫೈಲ್ ಇರುತ್ತದೆ. ಕೆಂಪು ಸಾಲಿನ ಶುರುವಿನಲ್ಲೇ ಮಾಡ್‌ನ ಹೆಸರು ಬರೆದಿರುತ್ತದೆ.

ಇನ್ನೊಂದು ಬಗೆಯ ತಪ್ಪು ಸೇವ್ ಫೈಲನ್ನು ಕೈಯಿಂದ ತಿದ್ದಿದಾಗ ಬರುತ್ತದೆ. ಸೇವ್ ಎಂದರೆ ಎಕ್ಸ್‌ಎಂಎಲ್ ಫೈಲ್, ನೋಟ್‌ಪ್ಯಾಡ್‌ನಲ್ಲೇ ತೆರೆಯಬಹುದು. ದಿನ, ಸೀಸನ್, ವರ್ಷ ಮೂರಕ್ಕೂ ಬೇರೆ ಬೇರೆ ಸಾಲು ಇವೆ. ಸುಮ್ನೆ ಸಂಖ್ಯೆ ಬದಲಿಸಿದರೆ ಆಯಿತು ಎಂದು ಅನ್ನಿಸುವುದು ಸಹಜ. ಆದರೆ ತಾರೀಖು ಅಲ್ಲೊಂದೇ ಕಡೆ ಇಲ್ಲ. ಪಕ್ಕದಲ್ಲಿರುವ ಸೇವ್ ಗೇಮ್ ಇನ್ಫೋ ಎಂಬ ಫೈಲ್‌ನಲ್ಲಿ ಇನ್ನೊಂದು ಪ್ರತಿ ಇದೆ. ಲೋಡ್ ಮಾಡುವ ಪರದೆಯಲ್ಲಿ ನಿಮ್ಮ ತೋಟದ ಹೆಸರಿನ ಜೊತೆ ಕಾಣುವ ತಾರೀಖು ಅಲ್ಲಿಂದ ಬರುತ್ತದೆ. ಆ ಪರದೆ ಒಂದು ದಿನ ಹೇಳಿ, ಒಳಗೆ ಹೋದಾಗ ಕ್ಯಾಲೆಂಡರ್ ಇನ್ನೊಂದು ದಿನ ಹೇಳಿದರೆ, ಯಾರೋ ಒಂದು ಫೈಲ್ ತಿದ್ದಿ ಇನ್ನೊಂದನ್ನು ಬಿಟ್ಟಿದ್ದಾರೆ ಎಂದು ತಿಳಿಯಬಹುದು. ಮೂರನೆಯದಾಗಿ, ಒಟ್ಟು ಎಷ್ಟು ದಿನ ಆಡಿದ್ದೀರಿ ಎಂಬ ಎಣಿಕೆ ಬೇರೆ ಇದೆ. ದಿನದ ಅದೃಷ್ಟ, ಗಾಡಿಯಲ್ಲಿ ಬರುವ ವ್ಯಾಪಾರಿಯ ಸರಕು, ಇಂಥವೆಲ್ಲ ಆ ಎಣಿಕೆಯ ಮೇಲೆ ನಿಂತಿವೆ. ತಾರೀಖು ಒಂದು ಕಡೆ, ಎಣಿಕೆ ಇನ್ನೊಂದು ಕಡೆ ಆದರೆ ತಾರೀಖಿಗೂ ಆ ದಿನ ನಡೆಯುವುದಕ್ಕೂ ತಾಳೆ ಆಗುವುದಿಲ್ಲ.

ಅದಕ್ಕೇ ತಾರೀಖು ಬದಲಿಸಲೇಬೇಕಾದರೆ ಸ್ಮಾಪಿಯ ಕನ್ಸೋಲ್‌ನಿಂದ ಬದಲಿಸಿ. ವರ್ಲ್ಡ್ ಎಂದು ಬರೆದು, ಅಂಡರ್‌ಸ್ಕೋರ್ ಹಾಕಿ, ಸೆಟ್‌ಡೇ ಎಂದು ಸೇರಿಸಿ, ಜಾಗ ಬಿಟ್ಟು 1ರಿಂದ 28ರೊಳಗಿನ ಸಂಖ್ಯೆ ಕೊಟ್ಟರೆ ದಿನ ಬದಲಾಗುತ್ತದೆ. ಅದೇ ಥರ ಸೆಟ್‌ಸೀಸನ್, ಸೆಟ್‌ಇಯರ್ ಇವೆ. ಸರಿಯಾದ ಸ್ಪೆಲಿಂಗ್ ಬೇಕಿದ್ದರೆ ಹೆಲ್ಪ್ ಎಂದು ಟೈಪ್ ಮಾಡಿ, ಪೂರ್ತಿ ಪಟ್ಟಿ ಬರುತ್ತದೆ. ಈ ಆಜ್ಞೆಗಳು ದಿನದ ಜೊತೆಗೆ ಆ ಒಟ್ಟು ಎಣಿಕೆಯನ್ನೂ ಹೊಂದಿಸುತ್ತವೆ. ಒಂದು ಲೆಕ್ಕ ಮಾತ್ರ ನೆನಪಿರಲಿ. ನೀವು 14 ಎಂದು ಕೊಟ್ಟು ಮಲಗಿದರೆ ಏಳುವುದು 15ರ ಬೆಳಗ್ಗೆ.

ಸೀಸನ್ ಬದಲಿಸುವಾಗ ಇನ್ನೂ ಜಾಸ್ತಿ ಎಚ್ಚರ ಬೇಕು. ಹೊರಗಿನ ಹೊಲದಲ್ಲಿರುವ ಬೆಳೆ ಆ ಸೀಸನ್‌ನದಲ್ಲ ಎಂದಾದರೆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಒಣಗಿಹೋಗುತ್ತದೆ. ಪರೀಕ್ಷೆಗೆಂದು ವಿಂಟರ್ ಹಾಕಿ, ಮರೆತು ಮಲಗಿದರೆ, ಸ್ಪ್ರಿಂಗ್‌ನಲ್ಲಿ ಬಿತ್ತಿದ್ದೆಲ್ಲ ಹೋಯಿತು. ಗ್ರೀನ್‌ಹೌಸ್‌ನ ಒಳಗಿನದ್ದು ಉಳಿಯುತ್ತದೆ. ಇಂಥ ಪರೀಕ್ಷೆಗಳನ್ನು ಕಾಪಿ ಮಾಡಿಟ್ಟ ಸೇವ್ ಇದ್ದಾಗಲಷ್ಟೇ ಮಾಡಬೇಕು.

ಹುಟ್ಟುಹಬ್ಬ, ಹಬ್ಬ ತಪ್ಪಿದ್ದರೆ

ಮಾಡ್ ಹಾಕಿದವರ ದೂರುಗಳಲ್ಲಿ ಹೆಚ್ಚಿನವು ಈ ಬಗೆಯವು. ಇದನ್ನು ಅರ್ಥ ಮಾಡಿಕೊಳ್ಳಲು 2024ರ ಮಾರ್ಚ್‌ನಲ್ಲಿ ಬಂದ 1.6 ಆವೃತ್ತಿಯನ್ನು ನೆನೆಯಬೇಕು. ಅದಕ್ಕಿಂತ ಮುಂಚೆ ಊರಿನವರ ವಿವರವೆಲ್ಲ ಎನ್‌ಪಿಸಿ ಡಿಸ್ಪೊಸಿಷನ್ಸ್ ಎಂಬ ಫೈಲ್‌ನಲ್ಲಿ ಇರುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಉದ್ದ ಸಾಲು, ನಡುವೆ ಓರೆ ಗೆರೆಗಳು, ಆ ಗೆರೆಗಳ ಮಧ್ಯೆ ಎಲ್ಲೋ ಹುಟ್ಟುಹಬ್ಬ. 1.6ರಲ್ಲಿ ಆ ಫೈಲ್ ಹೋಗಿ ಕ್ಯಾರೆಕ್ಟರ್ಸ್ ಎಂಬ ಹೊಸ ಫೈಲ್ ಬಂತು. ಹುಟ್ಟಿದ ಸೀಸನ್‌ಗೆ ಒಂದು ಖಾನೆ, ಹುಟ್ಟಿದ ದಿನಕ್ಕೆ ಒಂದು ಖಾನೆ. ಹಳೆಯ ಮಾಡ್‌ಗಳು ಹಳೆಯ ಫೈಲನ್ನೇ ಹುಡುಕುತ್ತಿರುತ್ತವೆ. ಇಂಥ ಕೆಲವನ್ನು, ಆಟದ ಡೇಟಾ ಮತ್ತು ಚಿತ್ರಗಳನ್ನು ತಿದ್ದಲು ಬೇರೆ ಮಾಡ್‌ಗಳು ಬಳಸುವ ಕಂಟೆಂಟ್ ಪ್ಯಾಚರ್ ಎಂಬ ಮಾಡ್ ತಾನೇ ಹೊಸ ರೂಪಕ್ಕೆ ಹೊಂದಿಸಿಕೊಳ್ಳುತ್ತದೆ, ಆದರೆ ಎಲ್ಲವನ್ನೂ ಅಲ್ಲ. ಹಾಗಾಗಿ ವರ್ಷಗಟ್ಟಲೆ ಹೊಸ ಆವೃತ್ತಿ ಕಾಣದ ಮಾಡ್ ಇದ್ದರೆ ಮೊದಲ ಅನುಮಾನ ಅದರ ಮೇಲೆಯೇ ಇರಲಿ.

ಹಳೆಯ ಆವೃತ್ತಿಗೆ ಇನ್ನೊಂದು ಮಿತಿ ಇತ್ತು. ಒಂದು ದಿನಕ್ಕೆ ಒಬ್ಬರದೇ ಹುಟ್ಟುಹಬ್ಬ. ಮೊದಲು ಸಿಕ್ಕವರ ಹೆಸರು ದಾಖಲಾದರೆ ಎರಡನೆಯವರಿಗೆ ಜಾಗವೇ ಇರುತ್ತಿರಲಿಲ್ಲ. ಫಾಲ್ 13 ಅಬಿಗೇಲ್ ಹುಟ್ಟುಹಬ್ಬ. ನಿಮ್ಮ ಮಾಡ್‌ನ ಹೊಸ ವ್ಯಕ್ತಿಯೂ ಅದೇ ದಿನ ಹುಟ್ಟಿದ್ದರೆ ಇಬ್ಬರಲ್ಲಿ ಒಬ್ಬರು ಕ್ಯಾಲೆಂಡರ್‌ನಿಂದ ಮಾಯ. ಇವತ್ತಿಗೂ 1.5ರಲ್ಲೇ ಆಡುವವರಿಗೆ ಇದು ತಪ್ಪಿದ್ದಲ್ಲ. 1.6ರಲ್ಲಿ ಒಂದು ದಿನಕ್ಕೆ ಎಷ್ಟು ವಿಶೇಷ ಬೇಕಾದರೂ ಇರಬಹುದು. ಚೌಕದಲ್ಲಿ ಒಂದೇ ಮುಖ ಕಂಡರೆ ಗಾಬರಿ ಬೇಡ, ಅದರ ಮೇಲೆ ಮೌಸ್ ಇಟ್ಟು ಬರುವ ಹೆಸರುಗಳನ್ನು ಓದಿ.

ಕೆಲವು ಸಲ ಹುಟ್ಟುಹಬ್ಬ ಕಾಣಿಸದಿರುವುದು ತಪ್ಪೇ ಅಲ್ಲ. ಕ್ರೋಬಸ್, ಡ್ವಾರ್ಫ್, ಸ್ಯಾಂಡಿ ಇವರ ದಿನಗಳು ನೀವು ಅವರನ್ನು ಭೇಟಿ ಆಗುವ ತನಕ ಕ್ಯಾಲೆಂಡರ್‌ಗೆ ಬರುವುದಿಲ್ಲ. ಮಾಡ್ ಬರೆಯುವವರೂ ಇದೇ ಸೌಲಭ್ಯ ಬಳಸಬಹುದು. ಕ್ಯಾರೆಕ್ಟರ್ಸ್ ಫೈಲ್‌ನಲ್ಲಿ ಕ್ಯಾಲೆಂಡರ್ ಎಂಬ ಖಾನೆಯೇ ಇದೆ. ಯಾವಾಗಲೂ ತೋರಿಸು, ಭೇಟಿ ಆಗುವ ತನಕ ಬಚ್ಚಿಡು, ಎಂದೂ ತೋರಿಸಬೇಡ, ಇಷ್ಟರಲ್ಲಿ ಒಂದನ್ನು ಅವರು ಆರಿಸಿರುತ್ತಾರೆ. ಕಥೆಗೆ ತಕ್ಕಂತೆ ಬೇಕೆಂದೇ ಬಚ್ಚಿಟ್ಟದ್ದನ್ನು ನಾವು ಕೆಟ್ಟಿದೆ ಎಂದುಕೊಳ್ಳುವುದು ಬಹಳ ಸಲ ಆಗುತ್ತದೆ. ಪುಸ್ತಕ ಮಾರುವವರ ವಿಷಯವೂ ಹೀಗೆಯೇ. ಅವರು ಸೀಸನ್‌ಗೆ ಎರಡು ದಿನ ಬರುತ್ತಾರೆ, ಯಾವ ಎರಡು ದಿನ ಎನ್ನುವುದು ಒಂದೊಂದು ಸೇವ್‌ಗೆ ಒಂದೊಂದು ಥರ. ಗೆಳೆಯರ ಆಟದಲ್ಲಿ ಬೇರೆ ದಿನ ಇದೆ ಎಂದ ಮಾತ್ರಕ್ಕೆ ನಿಮ್ಮದು ತಪ್ಪಲ್ಲ.

ಇನ್ನೂ ಒಂದು ಸಾಧ್ಯತೆ ಇದೆ, ಇದನ್ನು ಜನ ಸುಲಭವಾಗಿ ಮರೆಯುತ್ತಾರೆ. ಕ್ಯಾಲೆಂಡರ್ ಹೆಸರುಗಳನ್ನು ಊರಿನಲ್ಲಿ ನಿಜವಾಗಿ ಇರುವವರಿಂದ ಹೆಕ್ಕುತ್ತದೆ. ಹೊಸ ವ್ಯಕ್ತಿಯ ಮನೆಯ ಮ್ಯಾಪ್ ಲೋಡ್ ಆಗದೆ ಅವರು ಊರಿಗೆ ಬಂದೇ ಇಲ್ಲ ಎಂದಾದರೆ ಹುಟ್ಟುಹಬ್ಬ ಎಲ್ಲಿಂದ ಬರಬೇಕು, ಅಲ್ವಾ? ಮೊದಲು ಆ ವ್ಯಕ್ತಿಯನ್ನು ಊರಲ್ಲಿ ಹುಡುಕಿ. ಲುಕಪ್ ಎನಿಥಿಂಗ್ ಎಂಬ ಮಾಡ್ ಇದ್ದರೆ ಅವರ ಮೇಲೆ ಮೌಸ್ ಇಟ್ಟು ಎಫ್1 ಒತ್ತಿ. ಹುಟ್ಟುಹಬ್ಬ ಅಲ್ಲಿ ಸರಿಯಾಗಿ ಬಂದರೆ ಡೇಟಾ ಸರಿಯಾಗಿದೆ, ತೊಂದರೆ ತೋರಿಸುವ ಕಡೆ ಇದೆ.

ಈಗ ನನಗೆ ತುಂಬಾ ಇಷ್ಟವಾದ ಉಪಾಯಕ್ಕೆ ಬರುತ್ತೇನೆ. ಕಂಟೆಂಟ್ ಪ್ಯಾಚರ್ ಇರುವವರು ಸ್ಮಾಪಿಯ ಕನ್ಸೋಲ್‌ನಲ್ಲಿ ಪ್ಯಾಚ್ ಎಕ್ಸ್‌ಪೋರ್ಟ್ ಎಂದು ಬರೆದು, ಮುಂದೆ ಡೇಟಾ, ಓರೆ ಗೆರೆ, ಕ್ಯಾರೆಕ್ಟರ್ಸ್ ಎಂದು ಕೊಟ್ಟರೆ, ಎಲ್ಲ ಮಾಡ್‌ಗಳೂ ತಿದ್ದಿ ಮುಗಿಸಿದ ಮೇಲೆ ಆ ಫೈಲ್ ಈಗ ಹೇಗಿದೆಯೋ ಹಾಗೇ ಹೊರಗೆ ಬರುತ್ತದೆ. ಆಟದ ಫೋಲ್ಡರ್‌ನಲ್ಲೇ ಪ್ಯಾಚ್ ಎಕ್ಸ್‌ಪೋರ್ಟ್ ಎಂಬ ಫೋಲ್ಡರ್ ಹುಟ್ಟಿಕೊಳ್ಳುತ್ತದೆ. ಫೈಲ್ ತೆರೆದು ಅಬಿಗೇಲ್ ಹೆಸರು ಹುಡುಕಿ. ಕೆಳಗೆ ಹುಟ್ಟಿದ ಸೀಸನ್ ಫಾಲ್, ಹುಟ್ಟಿದ ದಿನ 13 ಎಂದು ಇರಬೇಕು. ಇದ್ದರೆ ನೀವು ಸರಿಯಾದ ಜಾಗ ನೋಡುತ್ತಿದ್ದೀರಿ ಎಂದರ್ಥ. ಈಗ ಹೊಸ ವ್ಯಕ್ತಿಯ ಹೆಸರು ಹುಡುಕಿ. ಹೆಸರೇ ಇಲ್ಲವಾ? ಮಾಡ್ ಲೋಡ್ ಆಗಿಲ್ಲ. ಹೆಸರು ಇದ್ದು ಸೀಸನ್ ಖಾಲಿ ಇದೆಯಾ? ಮಾಡ್‌ನಲ್ಲೇ ಬರೆದಿಲ್ಲ. ದಿನ 28ಕ್ಕಿಂತ ದೊಡ್ಡ ಸಂಖ್ಯೆಯಾ? ಅದಕ್ಕೆ ಚೌಕವೇ ಇಲ್ಲ. ಊಹೆಗೆ ಜಾಗ ಉಳಿಯುವುದಿಲ್ಲ, ಅದಕ್ಕೇ ಈ ದಾರಿ ಇಷ್ಟ.

ಮಾಡ್ ಲೋಡ್ ಆಗಿಲ್ಲ ಎಂದು ತಿಳಿದರೆ ಪ್ಯಾಚ್ ಸಮ್ಮರಿ ಎಂಬ ಆಜ್ಞೆ ಕೊಡಿ. ಯಾವ ಬದಲಾವಣೆ ಅನ್ವಯ ಆಗಿದೆ, ಯಾವುದು ಆಗಿಲ್ಲ, ಆಗದಿದ್ದರೆ ಯಾವ ಷರತ್ತು ಪೂರೈಸಿಲ್ಲ ಎಂದು ಸಾಲು ಸಾಲಾಗಿ ಹೇಳುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಕಂಟೆಂಟ್ ಪ್ಯಾಚರ್ ಸಾಮಾನ್ಯವಾಗಿ ದಿನದ ಆರಂಭದಲ್ಲಿ ಮಾತ್ರ ತನ್ನ ಷರತ್ತುಗಳನ್ನು ಮತ್ತೆ ನೋಡುತ್ತದೆ. ನೀವು ಮಧ್ಯಾಹ್ನ ಕನ್ಸೋಲ್‌ನಿಂದ ಸೀಸನ್ ಬದಲಿಸಿ ತಕ್ಷಣ ಕ್ಯಾಲೆಂಡರ್ ತೆರೆದರೆ, ಹೊಸ ಸೀಸನ್‌ನ ಹೆಸರಿನ ಕೆಳಗೆ ಹಳೆಯ ಸೀಸನ್‌ಗೆ ಮಾಡಿದ ಬದಲಾವಣೆ ಉಳಿದಿರಬಹುದು. ಕಾಪಿ ಸೇವ್‌ನಲ್ಲಿ ಒಂದು ರಾತ್ರಿ ಮಲಗಿ ಎದ್ದು ಆಮೇಲೆ ನೋಡಿ.

ಹಬ್ಬಗಳ ಕಥೆ ಸ್ವಲ್ಪ ಬೇರೆ. ಹಬ್ಬದ ದಿನ ಯಾವುದು ಎನ್ನುವುದು ಫೆಸ್ಟಿವಲ್ ಡೇಟ್ಸ್ ಎಂಬ ಒಂದು ಪಟ್ಟಿಯಲ್ಲಿದೆ. ಸ್ಪ್ರಿಂಗ್ 13 ಎಗ್ ಫೆಸ್ಟಿವಲ್, ಸ್ಪ್ರಿಂಗ್ 24 ಫ್ಲವರ್ ಡ್ಯಾನ್ಸ್, ಹೀಗೆ. ಕ್ಯಾಲೆಂಡರ್ ಓದುವುದು ಇದನ್ನು. ಆದರೆ ಹಬ್ಬದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಏನು ಮಾತಾಡಬೇಕು ಎನ್ನುವುದು ಆ ದಿನದ್ದೇ ಹೆಸರಿನ ಇನ್ನೊಂದು ಫೈಲ್‌ನಲ್ಲಿದೆ. ಹಬ್ಬವನ್ನು ಬೇರೆ ದಿನಕ್ಕೆ ಸರಿಸುವ ಮಾಡ್ ಪಟ್ಟಿಯನ್ನು ಮಾತ್ರ ತಿದ್ದಿ ಫೈಲನ್ನು ಬಿಟ್ಟರೆ, ಬಾವುಟ ಹಾರುತ್ತದೆ, ಹಬ್ಬ ನಡೆಯುವುದಿಲ್ಲ. ಬಾವುಟ ಇದ್ದು ಹಬ್ಬ ಇಲ್ಲ ಎಂಬ ದೂರು ಬಂದಾಗ ನಾನು ಮೊದಲು ನೋಡಲು ಹೇಳುವುದು ಈ ಜೋಡಿಯನ್ನು. ನೈಟ್ ಮಾರ್ಕೆಟ್‌ನಂಥ ಹಲವು ದಿನದ ಸಂತೆಗಳಿಗೆ ಪ್ಯಾಸಿವ್ ಫೆಸ್ಟಿವಲ್ಸ್ ಎಂಬ ಬೇರೆ ಫೈಲ್ ಇದೆ. ಕ್ಯಾಲೆಂಡರ್‌ನಲ್ಲಿ ತೋರಿಸಬೇಕಾ ಬೇಡವಾ ಎಂಬ ಖಾನೆ ಅದರಲ್ಲೂ ಇದೆ.

ಚಿತ್ರ ಕೆಟ್ಟಿದ್ದರೆ

ಇದು ಎಲ್ಲಕ್ಕಿಂತ ಸುಲಭ. ಹಲಗೆಯ ಚಿತ್ರ ಬಿಲ್‌ಬೋರ್ಡ್ ಎಂಬ ಒಂದೇ ಫೈಲ್. ಆಟದ ಬಣ್ಣ ಬದಲಿಸುವ ಹಲವು ಮಾಡ್‌ಗಳು ಅದನ್ನು ಮುಟ್ಟುತ್ತವೆ. ಇಂಥ ಎರಡು ಮಾಡ್ ಒಟ್ಟಿಗೆ ಇದ್ದು, ಎರಡೂ ಇಡೀ ಚಿತ್ರವನ್ನೇ ಬದಲಿಸಲು ಹೋದರೆ, ಒಂದು ಫೈಲನ್ನು ಹಲವು ಮಾಡ್‌ಗಳು ಕೇಳುತ್ತಿವೆ ಎಂದು ಸ್ಮಾಪಿ ಲಾಗ್‌ನಲ್ಲಿ ಅವುಗಳ ಹೆಸರು ಸಮೇತ ಹೇಳುತ್ತದೆ. ಒಂದನ್ನು ತೆಗೆದರೆ ಮುಗಿಯಿತು. ಯಾವ ದೂರೂ ಇಲ್ಲದೆ ಗೆರೆ ಮಾತ್ರ ಸರಿದಿದ್ದರೆ, ಹಳೆಯ ಆವೃತ್ತಿಗೆ ಬಿಡಿಸಿದ ಚಿತ್ರ ಹೊಸದರ ಮೇಲೆ ಕೂತಿರಬಹುದು. ಆ ಮಾಡ್‌ನ ಹೊಸ ಆವೃತ್ತಿ ಹುಡುಕಿ.

28 ಎಂಬ ಸಂಖ್ಯೆ

ಸೀಸನ್‌ಗಳನ್ನು ಉದ್ದ ಮಾಡುವ ಮಾಡ್‌ಗಳಿಗೆ ಬೇರೆಯದೇ ಮಾತು ಹೇಳಬೇಕು. ಒಂದು ಸೀಸನ್‌ಗೆ 28 ದಿನ ಎಂಬುದು ಆಟದ ಕೋಡ್‌ನಲ್ಲಿ ಬದಲಾಗದ ಸಂಖ್ಯೆಯಾಗಿ ಬರೆದಿದೆ. ಆಟ ಇರುವುದು ಸಿ ಶಾರ್ಪ್ ಭಾಷೆಯಲ್ಲಿ. ಆ ಭಾಷೆಯಲ್ಲಿ ಹೀಗೆ ಬರೆದ ಸಂಖ್ಯೆ, ಕೋಡ್ ಕಂಪ್ಯೂಟರ್ ಓಡಿಸುವ ರೂಪಕ್ಕೆ ಬರುವಾಗ, ಅಂದರೆ ಕಂಪೈಲ್ ಆಗುವಾಗ, ಬಳಸಿದ ಪ್ರತಿ ಜಾಗಕ್ಕೂ ನೇರವಾಗಿ ಅಚ್ಚಾಗಿಬಿಡುತ್ತದೆ, ಅದನ್ನು ಬಳಸುವ ಬೇರೆಯವರ ಮಾಡ್‌ಗಳ ಒಳಗೂ. ಸ್ಮಾಪಿ ಮಾಡ್‌ಗಳಿಗೆ ಕೊಡುವ ತಾರೀಖಿನ ಲೆಕ್ಕವೂ 28ರದ್ದೇ. ಹಾಗಾಗಿ ಒಂದು ಮಾಡ್ ಸೀಸನ್‌ಗೆ 56 ದಿನ ಎಂದು ಹೇಳಿದರೂ, ಮುಂದಿನ ವಾರದ ಹುಟ್ಟುಹಬ್ಬ ನೆನಪಿಸುವ ಇನ್ನೊಂದು ಮಾಡ್ 28 ಎಂದೇ ಎಣಿಸುತ್ತದೆ. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ. ಇದನ್ನು ಸೆಟ್ಟಿಂಗ್ಸ್‌ನಲ್ಲಿ ಏನೋ ಬದಲಿಸಿ ಸರಿ ಮಾಡಲು ಆಗುವುದಿಲ್ಲ. ಉದ್ದ ಸೀಸನ್ ಬೇಕೇಬೇಕು ಎನ್ನುವವರು ತಾರೀಖು ಎಣಿಸುವ ಉಳಿದ ಮಾಡ್‌ಗಳನ್ನು ಕೈಬಿಟ್ಟು ಹೊಸ ತೋಟ ಶುರು ಮಾಡುವುದು ಒಳ್ಳೆಯದು. ನಡುವೆ ಹಾಕಿ ನಡುವೆ ತೆಗೆಯುವುದಂತೂ ಬೇಡವೇ ಬೇಡ. 40ನೇ ದಿನದಲ್ಲಿ ಸೇವ್ ಆಗಿ, ಆಮೇಲೆ ಮಾಡ್ ತೆಗೆದರೆ, ಆ ದಿನಕ್ಕೆ ಆಟದಲ್ಲಿ ಅರ್ಥವೇ ಇಲ್ಲ.

ಯಾವ ಮಾಡ್ ಎಂದೇ ಗೊತ್ತಾಗದಿದ್ದರೆ

ಅರ್ಧರ್ಧ ಮಾಡಿ ಹುಡುಕಿ. ಮಾಡ್ ಫೋಲ್ಡರ್‌ನ ಹೆಸರಿನ ಮುಂದೆ ಒಂದು ಚುಕ್ಕಿ ಹಾಕಿದರೆ ಸಾಕು, ಸ್ಮಾಪಿ ಅದನ್ನು ಓದುವುದಿಲ್ಲ. ಡಿಲೀಟ್ ಮಾಡುವ ಅಗತ್ಯವೇ ಇಲ್ಲ. ಅರ್ಧ ಮಾಡ್‌ಗಳಿಗೆ ಚುಕ್ಕಿ ಹಾಕಿ ಕ್ಯಾಲೆಂಡರ್ ನೋಡಿ. ಸರಿಯಾದರೆ ತಪ್ಪು ಆ ಅರ್ಧದಲ್ಲಿದೆ, ಇಲ್ಲದಿದ್ದರೆ ಉಳಿದದ್ದರಲ್ಲಿ. ಈ ರೀತಿ ಹೋದರೆ 64 ಮಾಡ್‌ಗಳಿದ್ದರೂ ಆರು ಸಲದಲ್ಲಿ ಒಂದಕ್ಕೆ ಬರುತ್ತೀರಿ. ಎರಡು ಮಾಡ್‌ಗಳ ಜಗಳವಾದರೆ ಮಾತ್ರ ಇನ್ನೂ ಕೆಲವು ಸಲ ಬೇಕಾಗುತ್ತದೆ. ಕಂಟೆಂಟ್ ಪ್ಯಾಚರ್‌ಗೆ ಚುಕ್ಕಿ ಹಾಕಬೇಡಿ, ಅದನ್ನು ನಂಬಿದ ಮಾಡ್‌ಗಳೆಲ್ಲ ಒಟ್ಟಿಗೆ ನಿಂತುಹೋಗುತ್ತವೆ, ಏನೂ ತಿಳಿಯುವುದಿಲ್ಲ. ಹೊಸ ಜನರನ್ನು, ಹೊಸ ಜಾಗಗಳನ್ನು ಸೇರಿಸುವ ಮಾಡ್ ತೆಗೆದು ಸೇವ್ ತೆರೆದರೆ, ಆಟ ಕುಸಿಯಬಾರದೆಂದು ಸ್ಮಾಪಿ ಅವರನ್ನು ಸೇವ್‌ನಿಂದ ತೆಗೆದುಹಾಕುತ್ತದೆ. ಆ ರಾತ್ರಿ ಮಲಗಿದರೆ ಅದೇ ಖಾಯಂ. ಪರೀಕ್ಷೆ ಮಾಡುವಾಗ ನೋಡಿ, ಸೇವ್ ಮಾಡದೆ ಹೊರಗೆ ಬನ್ನಿ.

ಜೊತೆಯಾಗಿ ಆಡುವಾಗ ತಾರೀಖು ತೋಟದ ಯಜಮಾನರ ಕಂಪ್ಯೂಟರ್‌ನಿಂದ ಬರುತ್ತದೆ, ಆದರೆ ಡೇಟಾ ಮತ್ತು ಚಿತ್ರ ಅವರವರ ಕಂಪ್ಯೂಟರ್‌ನಿಂದ. ಅವರ ಹತ್ತಿರ ಇರುವ ಮಾಡ್ ನಿಮ್ಮ ಹತ್ತಿರ ಇಲ್ಲದಿದ್ದರೆ ಇಬ್ಬರಿಗೂ ಒಂದೇ ದಿನ, ಬೇರೆ ಬೇರೆ ಕ್ಯಾಲೆಂಡರ್. ಎಲ್ಲರೂ ಒಂದೇ ಮಾಡ್‌ಗಳನ್ನು ಒಂದೇ ಆವೃತ್ತಿಯಲ್ಲಿ ಹಾಕಿಕೊಳ್ಳಬೇಕು.

ತಪ್ಪು ಮಾಡ್‌ನದೇ ಎಂದು ಖಚಿತವಾದರೆ ಅದನ್ನು ಬರೆದವರಿಗೆ ತಿಳಿಸಿ. ಸುಮ್ನೆ ಕ್ಯಾಲೆಂಡರ್ ಕೆಲಸ ಮಾಡುತ್ತಿಲ್ಲ ಎಂದರೆ ಅವರು ಏನೂ ಮಾಡಲಾರರು. ಆಟದ ಆವೃತ್ತಿ, ಮಾಡ್‌ನ ಆವೃತ್ತಿ, ಸ್ಮಾಪಿಯ ವೆಬ್‌ಸೈಟ್‌ಗೆ ಏರಿಸಿದ ಲಾಗ್‌ನ ಕೊಂಡಿ, ಎಕ್ಸ್‌ಪೋರ್ಟ್ ಮಾಡಿದ ಫೈಲ್‌ನಿಂದ ಆ ವ್ಯಕ್ತಿಯ ನಾಲ್ಕೈದು ಸಾಲು, ಇಷ್ಟು ಕಳಿಸಿ. ಇವರಲ್ಲಿ ಬಹಳಷ್ಟು ಜನ ಬಿಡುವಿನ ವೇಳೆಯಲ್ಲಿ ದುಡ್ಡಿಲ್ಲದೆ ಈ ಕೆಲಸ ಮಾಡುವವರು. ಖಾಲಿ ಇರುವ ಖಾನೆ ಯಾವುದೆಂದು ನೀವೇ ತೋರಿಸಿಕೊಟ್ಟರೆ ಅವರು ತಿದ್ದಬೇಕಾದದ್ದು ಒಂದೇ ಸಾಲು ಇರಬಹುದು.